ಜೊಂಡು ಕಸವೆ?

ಕಳೆದ ವರ್ಷ ಒಂದೇ ವಾರದಲ್ಲಿ ನಾನು ಎರಡು ಕಾಗದಗಳ ಮೇಲೆ ನನ್ನ ಹೆಸರನ್ನು ಬರೆದೆ. ಮೊದಲನೆಯದು ಪರಿಸರ ಅಧ್ಯಯನದ ಕಿರುಪರೀಕ್ಷೆಯ ಉತ್ತರಪತ್ರಿಕೆ. ಆವಾಸ ಎಂದರೇನು, ಸಮುದಾಯ ಎಂದರೇನು, ಪರಿಸರ ವ್ಯವಸ್ಥೆ ಎಂದರೇನು ಎಂಬಂಥ ಐದು ಪ್ರಶ್ನೆಗಳು ಅದರಲ್ಲಿದ್ದುವು. ಐದಕ್ಕೂ ಪುಸ್ತಕದಲ್ಲಿದ್ದಂತೆಯೇ ಬರೆದು ಹತ್ತಕ್ಕೆ ಹತ್ತು ಅಂಕಗಳನ್ನು ಪಡೆದೆ. ಎರಡನೆಯದು ಒಂದು ಮನವಿಪತ್ರ. ಊರ ಕೆರೆಯಲ್ಲಿ ಬೆಳೆದಿರುವ ಜೊಂಡನ್ನೆಲ್ಲ ಬುಡಸಹಿತ ಕಿತ್ತುಹಾಕಿ, ದಡದ ಸುತ್ತ ಕಲ್ಲು ಕಟ್ಟಿಸಿ, ತಿರುಗಾಡಲು ಹಾದಿ ಮಾಡಿಸಿ, ದೀಪಗಳನ್ನು ಹಾಕಿಸಿ, ಕೆರೆಯನ್ನು ಸುಂದರಗೊಳಿಸಬೇಕೆಂಬುದು ಅದರ ಕೋರಿಕೆ. ನಮ್ಮ ತರಗತಿಯ ಬಹುಮಂದಿ ಸಹಿ ಹಾಕಿದರು, ನಾನೂ ಹಾಕಿದೆ. ಉತ್ತರಪತ್ರಿಕೆಗೂ ಮನವಿಪತ್ರಕ್ಕೂ ಏನಾದರೂ ಸಂಬಂಧವಿರಬಹುದೆಂದು ನನಗಾಗಲಿ, ನನ್ನ ಪಕ್ಕದಲ್ಲಿ ಕುಳಿತವರಿಗಾಗಲಿ ಹೊಳೆಯಲಿಲ್ಲ.

ಅದನ್ನು ಹೊಳೆಯಿಸಿದವರು ಕಾಲೇಜಿನ ಮೆಟ್ಟಿಲು ಹತ್ತದ ಒಬ್ಬ ಮುದುಕರು. ಲಾರಿಯ ಟ್ಯೂಬಿನ ಮೇಲೆ ಕುಳಿತು ಕೆರೆಯಲ್ಲಿ ಬಲೆ ಬಿಟ್ಟು ಮೀನು ಹಿಡಿಯುವುದು ಅವರ ಜೀವನ. ನಾನು ದಿನವೂ ಬಸ್ಸಿಳಿದು ಕೆರೆಯ ಏರಿಯ ಮೇಲೆಯೇ ಕಾಲೇಜಿಗೆ ಬರುವವನಾದುದರಿಂದ ಮುಖಪರಿಚಯವಿತ್ತು. ಒಂದು ಬೆಳಿಗ್ಗೆ ಅವರೇ ಕರೆದು ಕೇಳಿದರು:

“ಏನ್ ಮಗಾ, ಕಾಲೇಜವ್ರೆಲ್ಲ ಸೇರ್ಕಂಡು ಕೆರೆ ಕಿಲೀನ್ ಮಾಡ್ಸ್ತೀರಂತೆ?”

“ಹೂಂ ತಾತ,” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಮಾಡ್ಸಿ, ಬ್ಯಾಡ ಅನ್ನಕ್ಕೆ ನಾನ್ಯಾರು? ಆದ್ರೆ ಜೊಂಡ್ನೆಲ್ಲ ಕಿತ್ತಾಕ್‌ಬುಟ್ರೆ ಕುಚ್ಚು ಮೀನು ಮರಿ ಎಲ್ಲಿ ಮಾಡಾದು? ನಿಮ್ ಕಲ್ಲ್‌ಕಟ್ಟಡದ್ ಮ್ಯಾಲಾ?”

ನಾನು ಉತ್ತರ ಕೊಡಲಿಲ್ಲ, ಕೊಡಲು ಉತ್ತರವಿರಲಿಲ್ಲ. ಜೀವಿಯು ವಾಸಿಸಿ, ಆಹಾರ ಪಡೆದು, ಸಂತಾನೋತ್ಪತ್ತಿ ಮಾಡುವ ಸ್ಥಳವೇ ಆವಾಸವೆಂದು ನಾಲ್ಕು ದಿನದ ಹಿಂದೆಯಷ್ಟೇ ಬರೆದು ಎರಡು ಅಂಕ ಗಳಿಸಿದ್ದೆ. ಆ ಎರಡಂಕದ ಆವಾಸವು ನನ್ನ ಕಾಲಬುಡದಲ್ಲಿಯೇ ಗಾಳಿಗೆ ತೂಗಾಡುತ್ತಿತ್ತು. ಅದನ್ನು ಕಸವೆಂದು ಕರೆದು, ಕಿತ್ತೊಗೆಯಿರೆಂದು ನಾನು ಸಹಿ ಹಾಕಿದ್ದೆ!

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ. ಪರಿಸರ ಶಾಸ್ತ್ರದ ಮೊದಲ ಪಾಠದಲ್ಲಿ ಬರುವ ಹತ್ತಾರು ಶಬ್ದಗಳು ಬಾಯಿಪಾಠಕ್ಕೆ ಹುಟ್ಟಿದ ಶಬ್ದಗಳಲ್ಲ, ನೋಡುವುದಕ್ಕೆ ಹುಟ್ಟಿದ ಶಬ್ದಗಳು. ಅವುಗಳನ್ನು ಕೊಠಡಿಯಲ್ಲಿ ಕಲಿತರೆ ಅಂಕ ಬರುತ್ತದೆ. ಕೆರೆಯ ಬಳಿ ಕಲಿತರೆ ಕೆರೆ ಉಳಿಯುವುದಕ್ಕೂ ಒಂದು ದಾರಿಯಾದೀತು. ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಜೀವಶಾಸ್ತ್ರದ ಮಾತಿಗೆ ಕೈಹಾಕಿದ್ದಾನಲ್ಲಾ ಎಂದು ಬಲ್ಲವರು ನಗಬಹುದು. ಆದರೆ ದೇಶದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರ ಶಿಕ್ಷಣವು ಎಲ್ಲರಿಗೂ ಸಿಗಬೇಕೆಂದು ನಿರ್ದೇಶನವಿತ್ತ ಮೇಲಲ್ಲವೆ ಈ ವಿಷಯ ನಮ್ಮ ಪಾಲಿಗೂ ಬಂದದ್ದು? ಕಲಿಯಬೇಕಾದ ವಿಷಯವೆಂದಮೇಲೆ ಅದರ ಬಗ್ಗೆ ಒಂದು ಅಭಿಪ್ರಾಯವನ್ನು ಇಟ್ಟುಕೊಳ್ಳುವ ಹಕ್ಕೂ ನಮಗಿರಬೇಕು.

ಈ ಶಾಸ್ತ್ರಕ್ಕೆ ‘ಇಕಾಲಜಿ’ ಎಂಬ ಹೆಸರನ್ನು 1866ರಲ್ಲಿ ಇಟ್ಟವನು ಜರ್ಮನಿಯ ಅರ್ನ್ಸ್ಟ್ ಹೆಕೆಲ್. ಗ್ರೀಕ್ ಭಾಷೆಯಲ್ಲಿ ‘ಓಯ್ಕೋಸ್’ ಎಂದರೆ ಮನೆ. ನಮ್ಮಲ್ಲಿ ಎಷ್ಟೋ ಮಂದಿ ಓದುತ್ತಿರುವ ‘ಇಕನಾಮಿಕ್ಸ್’ ಕೂಡ ಅದೇ ಮನೆಯ ಕೂಸು. ಒಂದು ಮನೆಯನ್ನು ಅರಿಯುವ ವಿದ್ಯೆ, ಇನ್ನೊಂದು ಮನೆಯನ್ನು ನಡೆಸುವ ವಿದ್ಯೆ. ಮನೆಯಲ್ಲಿ ಯಾರು ಯಾರಿದ್ದಾರೆ, ಯಾರು ಏನು ಉಣ್ಣುತ್ತಾರೆ ಎಂಬುದನ್ನು ತಿಳಿಯದೆ ಸಂಸಾರ ನಡೆಸಲು ಹೊರಡುವ ಯಜಮಾನನ ಪಾಡು ಏನಾದೀತೆಂದು ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರನ್ನೇ ಕೇಳಬಹುದು.

ಈಗ ಕೆರೆಯ ಏರಿಯ ಮೇಲೆ ನಿಂತು ಆ ಶಬ್ದಗಳನ್ನು ಒಂದೊಂದಾಗಿ ನೋಡೋಣ. ಜೊಂಡಿನ ಅಂಚಿನಲ್ಲಿ ಒಂದು ಕುಚ್ಚು ಮೀನು ಇದೆಯೆನ್ನಿ. ಅದು ಒಂದು ಜೀವಿ, ಒಬ್ಬ ಆಳು. ಈ ಕೆರೆಯಲ್ಲಿರುವ ಕುಚ್ಚು ಮೀನುಗಳೆಲ್ಲ ಸೇರಿದರೆ ಅದಕ್ಕೆ ಪುಸ್ತಕದಲ್ಲಿ ‘ಜೀವಿಸಮೂಹ’ ಎಂಬ ಹೆಸರು. ನನಗೇನೋ ‘ಒಕ್ಕಲು’ ಎಂಬ ಮಾತು ಇನ್ನೂ ಹತ್ತಿರವೆನ್ನಿಸುತ್ತದೆ. ಒಂದೇ ಬಗೆಯವು, ಒಂದೇ ಕಡೆ ನೆಲಸಿ, ತಮ್ಮೊಳಗೇ ಕೂಡಿ ಸಂತತಿ ಬೆಳಸುವಂಥವು. ಒಕ್ಕಲಿಗೆ ಆಳಿಗಿಲ್ಲದ ಗುಣಗಳುಂಟು. ಒಂದು ಮೀನು ಹುಟ್ಟುತ್ತದೆ, ಸಾಯುತ್ತದೆ. ಆದರೆ ಹುಟ್ಟಿನ ಪ್ರಮಾಣ, ಸಾವಿನ ಪ್ರಮಾಣ, ಎಳೆಯವೆಷ್ಟು ಮುದಿಯವೆಷ್ಟು ಎಂಬ ಲೆಕ್ಕ ಇವೆಲ್ಲ ಒಕ್ಕಲಿಗೆ ಸೇರಿದ ಮಾತು. ಕೆರೆಯಲ್ಲಿ ಇಂದು ದೊಡ್ಡ ಮೀನುಗಳು ಕಾಣುತ್ತಿವೆಯೆಂದು ಸಮಾಧಾನಪಡುವವನು ಆಳನ್ನು ನೋಡುತ್ತಾನೆ. ಮರಿ ಎಲ್ಲಿ ಮಾಡಬೇಕೆಂದು ಕೇಳಿದ ಆ ತಾತ ಒಕ್ಕಲನ್ನು ನೋಡುತ್ತಿದ್ದರು. ಕುಚ್ಚು ಮೀನು ಗಿಡಗಂಟಿಗಳ ನಡುವಿನ ಆಳವಿಲ್ಲದ ನೀರಿನಲ್ಲಿ ಗೂಡಿನಂತೆ ಜಾಗ ಮಾಡಿಕೊಂಡು ಮೊಟ್ಟೆಯಿಡುತ್ತದೆ. ಮರಿಗಳು ಕೆಂಪಗೆ ಗುಂಪುಗೂಡಿ ಓಡಾಡುವಾಗ ತಂದೆತಾಯಿಗಳು ಕಾವಲು ಕಾಯುತ್ತವೆ. ಆ ಜಾಗವೇ ಇಲ್ಲವೆಂದಮೇಲೆ ಇಂದಿನ ದೊಡ್ಡ ಮೀನುಗಳು ವಂಶದ ಕೊನೆಯವಾಗುತ್ತವೆ.

ಕುಚ್ಚಿನ ಒಕ್ಕಲು, ಗೆಂಡೆಯ ಒಕ್ಕಲು, ಕಪ್ಪೆ, ಬಸವನಹುಳು, ನೀರುಹಾವು, ಬೆಳ್ಳಕ್ಕಿ, ಜೊಂಡು, ತಾವರೆ, ಕಣ್ಣಿಗೆ ಕಾಣದ ಪಾಚಿ — ಇವೆಲ್ಲ ಒಂದೆಡೆ ಸೇರಿ ಒಂದನ್ನೊಂದು ತಿಂದುಕೊಂಡೋ, ಒಂದಕ್ಕೊಂದು ಆಸರೆಯಾಗಿಯೋ ಬಾಳಿದರೆ ಅದು ‘ಸಮುದಾಯ’. ಒಕ್ಕಲುಗಳು ಸೇರಿ ಊರಾಯಿತು. ಆ ಊರಿಗೆ ನೀರು, ಕೆಸರು, ಬಿಸಿಲು, ಗಾಳಿ, ನೀರಿನಲ್ಲಿ ಕರಗಿರುವ ಆಮ್ಲಜನಕ ಮತ್ತು ಲವಣಗಳನ್ನು ಸೇರಿಸಿ ನೋಡಿದರೆ ‘ಪರಿಸರ ವ್ಯವಸ್ಥೆ’. ಈ ಕಲ್ಪನೆಗೆ ‘ಇಕೊಸಿಸ್ಟಂ’ ಎಂಬ ಹೆಸರು ಮೊದಲು ಅಚ್ಚಿನಲ್ಲಿ ಬಂದುದು 1935ರಲ್ಲಿ, ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಆರ್ಥರ್ ಟಾನ್ಸ್ಲಿಯ ಲೇಖನವೊಂದರಲ್ಲಿ. ಜೀವಿಗಳನ್ನು ಅವುಗಳ ನೆಲ, ಜಲ, ಹವೆಗಳಿಂದ ಬೇರ್ಪಡಿಸಿ ಅರಿಯಲಾಗದು, ಎರಡೂ ಕೂಡಿ ಒಂದು ವ್ಯವಸ್ಥೆ ಎಂಬುದು ಅವನ ವಾದ. ಇಂಥ ವ್ಯವಸ್ಥೆಗಳೆಲ್ಲ ಕೂಡಿ, ಭೂಮಿಯ ಮೇಲೆ ಜೀವವಿರುವಷ್ಟು ದೂರವೂ ಹಬ್ಬಿರುವುದು ‘ಜೀವಗೋಳ’.

ಇನ್ನೊಂದು ಶಬ್ದವಿದೆ, ಪರೀಕ್ಷೆಯಲ್ಲಿ ನಾವು ಹೆಚ್ಚು ತಡವರಿಸುವುದು ಅಲ್ಲಿಯೇ. ಅದು ‘ನಿಚ್’. ಆವಾಸಕ್ಕೂ ನಿಚ್‌ಗೂ ಏನು ವ್ಯತ್ಯಾಸ? ಚಾರ್ಲ್ಸ್ ಎಲ್ಟನ್ ಎಂಬ ಪ್ರಾಣಿಶಾಸ್ತ್ರಜ್ಞ 1927ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದನ್ನು ಸೊಗಸಾಗಿ ತಿಳಿಸಿದ್ದಾನೆ. ಊರಿನ ಪಾದ್ರಿ ಬೀದಿಯಲ್ಲಿ ಹೋಗುವುದನ್ನು ಕಂಡರೆ ಅವನ ಮೈಕಟ್ಟಿನ ಜೊತೆಗೆ ಊರಿನಲ್ಲಿ ಅವನ ಕೆಲಸವೇನೆಂಬುದೂ ನಮಗೆ ನೆನಪಾಗುತ್ತದೆ. ಒಂದು ಪ್ರಾಣಿಯನ್ನು ಕಂಡಾಗಲೂ ಹಾಗೆಯೇ ಆಗಬೇಕೆಂಬುದು ಅವನ ಇಂಗಿತ. ಆವಾಸವೆಂದರೆ ವಿಳಾಸ, ನಿಚ್ ಎಂದರೆ ಕಸುಬು ಎಂದು ಇಟ್ಟುಕೊಂಡರೆ ಮೊದಲ ಹೆಜ್ಜೆಗೆ ಸಾಕು.

ಈ ಕಸುಬಿನ ಹಂಚಿಕೆಯನ್ನು ನೋಡಲು ಅರ್ಧ ಗಂಟೆ ಸಾಕು. ದಡದಲ್ಲಿ ಕೊಳದ ಬಕ ಮಿಸುಕದೆ ನಿಂತು ಹತ್ತಿರ ಬಂದ ಮೀನನ್ನು, ಕಪ್ಪೆಯನ್ನು ಹೆಕ್ಕುತ್ತದೆ. ಮಿಂಚುಳ್ಳಿ ಬಾಗಿದ ಕಡ್ಡಿಯ ತುದಿಯಲ್ಲಿ ಕುಳಿತು, ಮೇಲಕ್ಕೆ ಬಂದ ಸಣ್ಣ ಮೀನಿನ ಮೇಲೆ ಕಲ್ಲಿನಂತೆ ಬೀಳುತ್ತದೆ. ನೀರುಕಾಗೆ ಮುಳುಗಿ ನೀರಿನೊಳಗೇ ಮೀನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹೆಜ್ಜಾರ್ಲೆ ಕೊಕ್ಕಿನ ಕೆಳಗಿನ ಚೀಲವನ್ನೇ ಬಲೆ ಮಾಡಿಕೊಂಡು ಮೊಗೆಯುತ್ತದೆ. ದೇವನಕ್ಕಿ ಉದ್ದುದ್ದ ಬೆರಳುಗಳನ್ನು ಚಾಚಿ ತಾವರೆ ಎಲೆಯ ಮೇಲೆ ನಡೆದಾಡುತ್ತ ಹುಳುಹುಪ್ಪಟೆಗಳನ್ನು ಆರಿಸುತ್ತದೆ. ಒಂದೇ ಕೆರೆ, ಒಂದೇ ವಿಳಾಸ, ಐದು ಕಸುಬು. ತಾವರೆ, ನೈದಿಲೆಗಳನ್ನು ತೆಗೆದರೆ ದೇವನಕ್ಕಿಗೆ ಕಾಲೂರಲು ಎಡೆಯಿಲ್ಲ. ದಡವನ್ನು ನೆಟ್ಟಗೆ ಕಲ್ಲುಗೋಡೆ ಮಾಡಿದರೆ ಕೊಳದ ಬಕ ನಿಲ್ಲುವ ಮೊಣಕಾಲುದ್ದದ ನೀರೇ ಇಲ್ಲ. ನೀರೆಲ್ಲ ಹಾಗೆಯೇ ಇರುತ್ತದೆ, ಕೆಲವರ ಕಸುಬು ಮಾತ್ರ ಹೋಗಿರುತ್ತದೆ. ನಿರುದ್ಯೋಗದ ವಿಷಯದಲ್ಲಿ ಪುಟಗಟ್ಟಲೆ ಪ್ರಬಂಧ ಬರೆಯುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಈ ಊರಿನ ಊಟದ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಪಾಚಿ ಮತ್ತು ಗಿಡಗಳು ಬಿಸಿಲಿನಿಂದ ಆಹಾರ ಮಾಡುವ ಉತ್ಪಾದಕರು. ಅವನ್ನು ತಿನ್ನುವ ಹುಳು, ಬಸವನಹುಳು, ಕೆಲವು ಮೀನುಗಳು ಮೊದಲ ಪಂಕ್ತಿಯವು. ಇವನ್ನು ತಿನ್ನುವ ಮೀನುಗಳು ಎರಡನೆಯ ಪಂಕ್ತಿ. ಆ ಮೀನನ್ನು ತಿನ್ನುವ ಹಕ್ಕಿ ಮೂರನೆಯದು. ಸತ್ತದ್ದನ್ನೆಲ್ಲ ಕೊಳೆಯಿಸಿ ಮರಳಿ ಮಣ್ಣುನೀರಿಗೆ ಸೇರಿಸುವ ಸೂಕ್ಷ್ಮಜೀವಿಗಳು ಕೊನೆಯ ಎಲೆ ಎತ್ತುವವು. ರೇಮಂಡ್ ಲಿಂಡ್ಮನ್ ಎಂಬ ಅಮೆರಿಕದ ಯುವಕ ಮಿನ್ನೆಸೋಟದ ಒಂದು ಪುಟ್ಟ ಕೆರೆಯನ್ನು ವರ್ಷಗಟ್ಟಲೆ ಅಳೆದು, ಒಂದು ಪಂಕ್ತಿಯಿಂದ ಇನ್ನೊಂದಕ್ಕೆ ಶಕ್ತಿ ಹೇಗೆ ಸಾಗುತ್ತದೆಂದು ಲೆಕ್ಕ ಹಾಕಿದ. ಅವನ ಲೇಖನವನ್ನು ಪತ್ರಿಕೆಯ ವಿಮರ್ಶಕರು ಮೊದಲು ತಿರಸ್ಕರಿಸಿದ್ದರು. ಕೊನೆಗೆ ಅದು 1942ರಲ್ಲಿ ಅಚ್ಚಾಯಿತು; ಆ ವೇಳೆಗೆ ಲಿಂಡ್ಮನ್ ತನ್ನ 26ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಒಂದು ಪಂಕ್ತಿಯ ಶಕ್ತಿಯಲ್ಲಿ ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮಾತ್ರ ಮುಂದಿನ ಪಂಕ್ತಿಗೆ ಮುಟ್ಟುತ್ತದೆ, ಉಳಿದುದು ಉಸಿರಾಟದಲ್ಲಿ, ಓಡಾಟದಲ್ಲಿ, ಎಂಜಲಿನಲ್ಲಿ ಹೋಗುತ್ತದೆ ಎಂದು ನಾವು ಇಂದು ಓದುವ ನಿಯಮ ಈ ದಾರಿಯಲ್ಲಿ ಬೆಳೆದುಬಂದದ್ದು. ಆ ಲೆಕ್ಕದಂತೆ 10,000 ಪಾಲು ಹಸಿರಿದ್ದರೆ ಮೂರನೆಯ ಪಂಕ್ತಿಯ ಹಕ್ಕಿಯ ಎಲೆಗೆ ಬೀಳುವುದು 10 ಪಾಲು. ಏರಿಯ ಮೇಲೆ ಹೋಗುವವನ ಕಣ್ಣಿಗೆ ಬೀಳುವುದು ಆ 10. ಅವನು ಕಸವೆನ್ನುವುದು ಆ 10,000ದಲ್ಲಿ ಒಂದು ಭಾಗವನ್ನು.

ಕೆರೆಯೊಂದರ ಎಲ್ಲೆ ಅದರ ಏರಿಗೇ ಮುಗಿಯುವುದಿಲ್ಲವೆಂಬುದನ್ನು ನಾನು ಕಂಡದ್ದು ಕೊಕ್ಕರೆ ಬೆಳ್ಳೂರಿನಲ್ಲಿ. ಮದ್ದೂರು ತಾಲ್ಲೂಕಿನ ಈ ಹಳ್ಳಿ ಶಿಂಷಾ ನದಿಗೆ ಹತ್ತಿರ. ಅಲ್ಲಿಯ ಹಕ್ಕಿಗಳು ಕಾಡಿನಲ್ಲಿ ಗೂಡು ಕಟ್ಟುವುದಿಲ್ಲ; ಮನೆಗಳ ನಡುವೆ, ಹಿತ್ತಿಲಿನ ಹುಣಸೆಮರಗಳ ಮೇಲೆ ಕಟ್ಟುತ್ತವೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಅಲ್ಲಿ ಮುಖ್ಯವಾದವು. ಫೆಬ್ರವರಿಯಲ್ಲಿ ನಾವು ಕೆಲವರು ಹೋದಾಗ ಮರದ ಕೆಳಗೆ ನಿಂತು ಮಾತನಾಡುವುದೇ ಕಷ್ಟವಾಯಿತು. ಮೇಲೆ ಅಷ್ಟು ಗದ್ದಲ, ಕೆಳಗೆ ಅಷ್ಟು ವಾಸನೆ. ಆದರೆ ಆ ಮನೆಯವರಾರೂ ಮೂಗು ಮುಚ್ಚಿಕೊಂಡಿರಲಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಅವರು ಆ ಹಕ್ಕಿಗಳನ್ನು ಕುರಿತು ಹೇಳುತ್ತಾರೆ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಒಯ್ಯುತ್ತಾರೆ. 2007ರಲ್ಲಿ ಸರ್ಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಅಲ್ಲಿ ನಿಂತಾಗ ನನ್ನ ಪುಸ್ತಕದ ಆವಾಸ ಮತ್ತೊಮ್ಮೆ ಸಡಿಲವಾಯಿತು. ಹಕ್ಕಿಯ ಗೂಡು ಹುಣಸೆಮರದಲ್ಲಿ. ಆದರೆ ಅದರ ಅನ್ನ ಸುತ್ತಲಿನ ನದಿಯಲ್ಲಿ, ಕೆರೆಗಳಲ್ಲಿ. ಹಳ್ಳಿಯವರು ಮರವನ್ನು ಎಷ್ಟು ಕಾಪಾಡಿದರೇನು, ಮೀನಿರುವ ಕೆರೆಗಳು ಕೆಟ್ಟರೆ ಗೂಡಿನಲ್ಲಿರುವ ಮರಿಗೆ ತುತ್ತಿಲ್ಲ. ಇದು ಊಹೆಯ ಮಾತಲ್ಲ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತು ಬಿದ್ದುವು. ಸತ್ತ ಹಕ್ಕಿಗಳನ್ನು ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದುವು. ಅಂಥ ಹುಳುಗಳು ಹಕ್ಕಿಯ ಮೈ ಸೇರುವುದು ಅದು ತಿಂದ ಮೀನಿನ ಮೂಲಕ. ಮರ ಸುರಕ್ಷಿತವಾಗಿತ್ತು, ಜನರ ಪ್ರೀತಿಯೂ ಇತ್ತು. ಕೇಡು ಬಂದದ್ದು ಊಟದ ದಾರಿಯಿಂದ. ಹೆಜ್ಜಾರ್ಲೆ ಆಹಾರಕ್ಕಾಗಿ ದೂರ ದೂರಕ್ಕೆ ಹಾರುವ ಹಕ್ಕಿ. ನಮ್ಮ ಊರ ಕೆರೆಗೂ ಕೆಲವು ಹೆಜ್ಜಾರ್ಲೆಗಳು ಬರುವುದುಂಟು. ಅವು ಯಾವ ಊರಿನ ಬಾಣಂತಿಗಳೋ ನಾವು ಯಾರೂ ಕೇಳಿಲ್ಲ.

ಇಷ್ಟು ಬರೆದ ಮೇಲೆ ಮನವಿಪತ್ರ ಬರೆದವರ ಪರವಾಗಿಯೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವರೇನೂ ಕೆರೆಯ ಹಗೆಗಳಲ್ಲ. ಸಂಜೆಯ ಹೊತ್ತು ಹೆಂಗಸರೂ ಮುದುಕರೂ ನಿರ್ಭಯವಾಗಿ ತಿರುಗಾಡಲು ಈ ಊರಿನಲ್ಲಿ ಬೇರೊಂದು ಸ್ಥಳವಿಲ್ಲ. ಹಾವಿನ ಭಯ, ಸೊಳ್ಳೆಯ ಕಾಟ ನಿಜವೇ. ಜೊಂಡು ಮಿತಿಮೀರಿ ಹಬ್ಬಿ ಕೆರೆಯನ್ನೇ ಮುಚ್ಚಿದರೆ ಅದೂ ಕೆರೆಗೆ ಒಳ್ಳೆಯದಲ್ಲ. ನೀಲಿ ಹೂವಿನ ಅಂತರಗಂಗೆಯಂತೂ ದಕ್ಷಿಣ ಅಮೆರಿಕದಿಂದ ಬಂದ ಗಿಡ. ಅದನ್ನು ತೆಗೆಯಬೇಕೆಂಬುದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ.

ಆದರೆ ಅದು ಏಕೆ ಹೀಗೆ ಹಬ್ಬಿತು? ಈ ಪ್ರಶ್ನೆಯನ್ನು ಮನವಿಪತ್ರ ಕೇಳುವುದೇ ಇಲ್ಲ. ಊರಿನ ಮೋರಿಗಳಲ್ಲಿ ಎರಡು ನೇರವಾಗಿ ಕೆರೆಗೆ ಬಂದು ಬೀಳುತ್ತವೆ. ಮೋರಿಯ ನೀರಿನಲ್ಲಿ ಸಾರಜನಕವೂ ರಂಜಕವೂ ಹೇರಳವಾಗಿರುತ್ತವೆ. ಗಿಡಕ್ಕೆ ಅದು ಗೊಬ್ಬರ. ಗೊಬ್ಬರ ಹಾಕುತ್ತಲೇ ಇದ್ದು, ಬೆಳೆ ಏಕೆ ಬಂತೆಂದು ಬೆಳೆಯನ್ನು ಬೈದರೆ ಏನು ಫಲ? ಇಂಥ ನೀರಿನಲ್ಲಿ ಪಾಚಿ ಒಮ್ಮೆಗೇ ಹೆಚ್ಚುತ್ತದೆ. ಹಗಲಿನಲ್ಲಿ ಅದು ಆಮ್ಲಜನಕವನ್ನು ಕೊಡುತ್ತದೆ ನಿಜ. ರಾತ್ರಿ ಅದೂ ಉಸಿರಾಡಬೇಕು. ಸತ್ತ ಪಾಚಿಯನ್ನೂ ಮೋರಿಯ ಹೊಲಸನ್ನೂ ಕೊಳೆಯಿಸುವ ಸೂಕ್ಷ್ಮಜೀವಿಗಳಿಗೂ ಆಮ್ಲಜನಕ ಬೇಕು. ಎಲ್ಲರ ಪಾಲೂ ಮುಗಿದ ಮೇಲೆ ಬೆಳಗಿನ ಜಾವಕ್ಕೆ ಮೀನಿಗೆ ಉಳಿಯುವುದೇನು? 2016ರ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದುದನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದರು. ಆ ಕೆರೆಗೆ ಕಟ್ಟೆಯೂ ಇತ್ತು, ದೋಣಿವಿಹಾರವೂ ಇತ್ತು. ಇನ್ನೊಂದು ಮಾತು: ದಡದ ಜೊಂಡು ಆ ಲವಣಗಳಲ್ಲಿ ಒಂದಷ್ಟನ್ನು ಹೀರಿಕೊಂಡು, ಹರಿದುಬಂದ ಕೆಸರನ್ನು ತಡೆದು ನಿಲ್ಲಿಸುತ್ತದೆ. ಮೋರಿಯನ್ನು ಹಾಗೆಯೇ ಬಿಟ್ಟು ಜೊಂಡನ್ನು ಮಾತ್ರ ಕೀಳುವುದೆಂದರೆ, ಜ್ವರವನ್ನು ಬಿಟ್ಟು ಒದ್ದೆಬಟ್ಟೆಯನ್ನು ಕಿತ್ತೆಸೆದಂತೆ.

ಆದುದರಿಂದ ನನ್ನ ಸಹಿಯನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹಾಗೆ ತೆಗೆದುಕೊಂಡು ಸುಮ್ಮನಿರುವುದು ಹೇಡಿತನವಾದೀತೆಂದು ಬೇರೊಂದು ಪತ್ರವನ್ನೂ ಬರೆದಿದ್ದೇನೆ. ಅದರಲ್ಲಿ ಮೂರೇ ಕೋರಿಕೆಗಳು. ಮೊದಲು ಎರಡು ಮೋರಿಗಳ ನೀರನ್ನು ಶುದ್ಧಿಮಾಡದೆ ಕೆರೆಗೆ ಬಿಡಕೂಡದು. ತಿರುಗಾಡುವ ಹಾದಿ ಏರಿಯ ಮೇಲೆ ಆಗಲಿ. ನೀರು ಬರುವ ಕಡೆಯ ಇಳಿಜಾರು ದಡವನ್ನು ಕಲ್ಲು ಕಟ್ಟದೆ ಹಾಗೆಯೇ ಬಿಡಲಿ. ಅಂತರಗಂಗೆಯನ್ನು ಪೂರ್ತಿ ತೆಗೆಯಲಿ. ಜೊಂಡನ್ನು ಮಾತ್ರ ಒಂದು ವರ್ಷ ಒಂದು ಭಾಗ, ಮರುವರ್ಷ ಇನ್ನೊಂದು ಭಾಗವೆಂದು, ಮೀನು ಮರಿಮಾಡುವ ಮಳೆಗಾಲವನ್ನು ಬಿಟ್ಟು ಕತ್ತರಿಸಲಿ. ಎಲ್ಲಿ, ಯಾವಾಗ ಎಂಬುದನ್ನು ಆ ಟ್ಯೂಬಿನ ತಾತನಂಥವರನ್ನು ಕೇಳಿ ಗೊತ್ತುಮಾಡಲಿ. ನಮಗೆ ಅಂಕ ಕೊಡುವವರಿಗೂ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಅವರಿಗೆ ಗೊತ್ತು.

ನಮ್ಮ ಉಪನ್ಯಾಸಕರಲ್ಲಿಯೂ ವಿನಯಪೂರ್ವಕವಾಗಿ ಒಂದು ಬಿನ್ನಹ. ಪರಿಸರ ಅಧ್ಯಯನದ ಮೊದಲ ನಾಲ್ಕು ಪಾಠಗಳನ್ನು ಕೆರೆಯ ಬಳಿ ನಡೆಸಲು ಸಾಧ್ಯವಿಲ್ಲವೆ? ಕಾಲೇಜಿನಿಂದ ಕೆರೆಗೆ ಹತ್ತು ನಿಮಿಷದ ನಡಿಗೆ. ಖರ್ಚಿಲ್ಲ, ಬಸ್ಸು ಬೇಡ. ಇತಿಹಾಸದವರು ಕೆರೆ ಕಟ್ಟಿಸಿದವರ ಶಾಸನಗಳನ್ನು ಕುರಿತು ಹೇಳಲಿ. ಅರ್ಥಶಾಸ್ತ್ರದವರು ಅಚ್ಚುಕಟ್ಟಿನ ಲೆಕ್ಕ ಹೇಳಲಿ. ಕನ್ನಡದವರು ಏರಿ, ತೂಬು, ಕೋಡಿ, ಅಂಗಳ ಎಂಬ ಮಾತುಗಳು ಮರೆತುಹೋಗದಂತೆ ನೋಡಿಕೊಳ್ಳಲಿ. ಕೊನೆಗೆ ಕಿರುಪರೀಕ್ಷೆಯಲ್ಲಿ ‘ಆವಾಸ ಎಂದರೇನು?’ ಎಂದು ಕೇಳುವ ಬದಲು ‘ನಮ್ಮ ಕೆರೆಯಲ್ಲಿ ನೀವು ಕಂಡ ಒಂದು ಜೀವಿಯ ಆವಾಸವನ್ನೂ ಕಸುಬನ್ನೂ ತಿಳಿಸಿರಿ’ ಎಂದು ಕೇಳಲಿ. ಅದಕ್ಕೆ ನನಗೆ ಹತ್ತಕ್ಕೆ ಆರೇ ಅಂಕ ಬಂದರೂ ಚಿಂತೆಯಿಲ್ಲ.

ನನ್ನ ಪತ್ರದ ಮೇಲೆ ಇಲ್ಲಿಯವರೆಗೆ ಒಂಬತ್ತು ಸಹಿಗಳಾಗಿವೆ. ಮೊದಲಿನ ಮನವಿಗೆ ಸಹಿ ಹಾಕಿದ ಮಿತ್ರರು ನನ್ನ ಮೇಲೆ ಸಿಟ್ಟಾಗದೆ, ಒಂದು ಬೆಳಿಗ್ಗೆ ಏಳು ಗಂಟೆಗೆ ತೂಬಿನ ಬಳಿಗೆ ಬಂದು ಅರ್ಧ ಗಂಟೆ ನಿಂತು ನೋಡಲಿ. ನೋಡಿದ ಮೇಲೂ ಜೊಂಡು ಕಸವೇ ಎಂದು ತೋರಿದರೆ ನನ್ನ ಪತ್ರಕ್ಕೆ ಸಹಿ ಹಾಕುವುದು ಬೇಡ.